ಸೋಸಿದ ಪೆಟ್ರೋಲ್

ಹೊಸಬಾಳೆಯ ಗುತ್ಯಪ್ಪ ಸತ್ತ ಸುದ್ದಿಯನ್ನು ನಮಗೆ ತಂದವನು ಸೊರಬದ ಬಸ್ಸಿನ ಕಂಡಕ್ಟರ್. ಕೆರೆ ಏರಿಯ ಮೇಲೆ ಅವನ ಜೀಪು ನಿಂತುಹೋಗಿತ್ತಂತೆ. ಇಳಿದು, ಮುಂದೆ ನಿಂತು, ಎಂಜಿನ್ ಎಬ್ಬಿಸಲು ಹ್ಯಾಂಡಲ್ ಹೊಡೆದಿದ್ದಾನೆ. ಗೇರು ತೆಗೆಯುವುದನ್ನು ಮರೆತಿದ್ದ. ಬಿಸಿಯಾಗಿದ್ದ ಎಂಜಿನ್ ಅರ್ಧ ಸುತ್ತಿಗೇ ಹತ್ತಿಕೊಂಡು, ಜೀಪು ಮುಂದಕ್ಕೆ ನುಗ್ಗಿ, ಅವನನ್ನು ತೂಬಿನ ಕಲ್ಲಿಗೆ ಒತ್ತಿಬಿಟ್ಟಿತ್ತು. ಕಂಡಕ್ಟರ್ ಇಷ್ಟನ್ನು ಹೇಳಿ, ಬಸ್ಸಿನ ಕಡೆ ತಿರುಗುತ್ತಾ, "ಮೊನ್ನೆ ನಿಮ್ಮ ಹತ್ರಾನೇ ರಿಪೇರಿ ಆಗಿತ್ತಂತಲ್ಲ ಸಾಬ್ರೇ ಅದು" ಎಂದ.

ಅಬ್ಬಾಗೆ ಆ ಕೊನೆಯ ಮಾತು ಕೇಳಿಸಲಿಲ್ಲ. ನನಗೆ ಕೇಳಿಸಿತು.

ಅದು ೧೯೭೪ರ ನವೆಂಬರ್. ಶಿಕಾರಿಪುರದಲ್ಲಿ ನಮ್ಮ ಮನೆಯ ಮುಂದಿನ ತಗಡಿನ ಶೆಡ್ಡೇ ಅಬ್ಬಾರ ಗ್ಯಾರೇಜು. ಜೀಪಿನ ಕೆಲಸವೆಂದರೆ ವಲೀಸಾಬ್ ಎಂದು ಹೆಸರಿತ್ತು. ಸೊರಬ, ಆನವಟ್ಟಿ ಕಡೆಯವರೂ ಹುಡುಕಿಕೊಂಡು ಬರುತ್ತಿದ್ದರು. ಬಾನೆಟ್ ಎತ್ತುವ ಮೊದಲೇ, ಬರೀ ಸದ್ದು ಕೇಳಿ, ಎಂಜಿನ್ನಿನ ಕಾಯಿಲೆ ಹೇಳುತ್ತಾರೆ ಎಂಬುದರಿಂದ ಬಂದ ಹೆಸರು ಅದು. ಆ ಕಿವಿ ಎರಡು ವರ್ಷಗಳಿಂದ ಮಂದವಾಗುತ್ತ ಬಂದು, ಆ ಮಳೆಗಾಲದ ಹೊತ್ತಿಗೆ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಹಿಂದಿನಿಂದ ಕರೆದರೆ ಇಲ್ಲ.

ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಅಮ್ಮಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿ ಬಂದು, ಶಾಲೆಯಲ್ಲಿ ಕೆಲಸ ಸಿಗುವುದೇನೋ ಎಂದು ಕಾಯುತ್ತಿದ್ದೆ. ಕಾಯುವ ಆ ದಿನಗಳಲ್ಲಿ ಅಬ್ಬಾರ ಕಿವಿಯ ಕೆಲಸ ನನ್ನದಾಯಿತು. ಶೆಡ್ಡಿಗೆ ತೆರೆಯುವ ಬಾಗಿಲ ಹೊಸ್ತಿಲ ಒಳಗೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಅಬ್ಬಾ ಎಂಜಿನ್ನಿನ ಮೇಲೆ ಬಾಗಿ, ಸ್ಕ್ರೂ ತಿರುಗಿಸಿ, ನೋಡಿಯೂ ನೋಡದವರಂತೆ ನನ್ನ ಕಡೆ ಕಣ್ಣು ಹಾಯಿಸುತ್ತಿದ್ದರು. ಸದ್ದು ಜೋರಾಗಿದ್ದರೆ ಪುಟದ ಮೇಲೆ ಒಂದು ಬೆರಳು, ಕುಂಟುತ್ತಿದ್ದರೆ ಎರಡು, ಸಮವಾಗಿದ್ದರೆ ಅಂಗೈ. ಗಿರಾಕಿಗಳು ನಾನು ಓದುತ್ತಿದ್ದೇನೆಂದು ತಿಳಿಯುತ್ತಿದ್ದರು.

ಗುತ್ಯಪ್ಪ ಜೀಪು ತಂದದ್ದು ಒಂದು ಗುರುವಾರ. ಮಿಲಿಟರಿಯವರು ಹರಾಜಿಗೆ ಬಿಟ್ಟ ಹಳೆಯ ಗಾಡಿ. ಅವನ ಮನೆಯವರು ಹೊಲ ಮಾಡಿಕೊಂಡು ಕುರಿ ಸಾಕುವವರು. ಸಂತೆಯ ದಿನ ಆನವಟ್ಟಿಗೆ ಕುರಿಯನ್ನೂ ಜನರನ್ನೂ ಒಟ್ಟಿಗೇ ತುಂಬಿಕೊಂಡು ಹೋಗುತ್ತಿದ್ದ. ಅಬ್ಬಾರ ಎದುರು ನಿಂತು, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಾ ಹೇಳಿದ:

"ಸ್ಲೋ ನಿಲ್ತಿಲ್ಲ ಸಾಬ್ರೇ. ಕಾಲು ತೆಗೆದ್ರೆ ಕೆಮ್ಮತೈತೆ, ನಡುಗತೈತೆ, ಆಮ್ಯಾಲೆ ಸತ್ತೇ ಹೋಗತೈತೆ. ನಮ್ಮ ಮುದಿ ಟಗರು ಇದ್ದಂಗೆ."

ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ ತಾನಾಗಿ ಮೆಲ್ಲಗೆ ಓಡುತ್ತಿರಬೇಕು. ಮೆಕ್ಯಾನಿಕ್ಕರು ಅದನ್ನು ಸ್ಲೋ ಎನ್ನುತ್ತಾರೆ.

"ಟಗರಿಗೆ ಏನು ಮೇಯಿಸ್ತಿದೀರಿ?" ಎಂದರು ಅಬ್ಬಾ.

"ಡ್ರಮ್ಮಿನ ಪೆಟ್ರೋಲ್. ಬಂಕಿನಾಗೆ ಇವತ್ತು ಇದ್ರೆ ನಾಳೆ ಇಲ್ಲ ನೋಡ್ರಿ. ಸಿಕ್ಕಾಗ ತುಂಬಿಸಿ ಹಿತ್ತಲಾಗೆ ಇಟ್ಕೊಂಡೀನಿ."

"ಸೆಲ್ಫ್ ರಿಪೇರಿ ಮಾಡಿಸಿದ್ರಾ?"

"ಇಲ್ರೀ. ಹ್ಯಾಂಡಲ್ ಹೊಡೆಯಾಕೆ ತೋಳು ಐತಲ್ಲ."

ಅಬ್ಬಾ ಕೆಲಸ ಶುರುಮಾಡಿದರು. ಅವರದು ಒಂದು ಕ್ರಮ. ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಒಂದೊಂದೇ ಪ್ಲಗ್ಗನ್ನು ಸತ್ತಂತೆ ಮಾಡಿ ನೋಡಿದರು. ಪ್ರತಿಯೊಂದಕ್ಕೂ ಎಂಜಿನ್ ಒಂದೇ ಥರ ಕುಗ್ಗಿತು. ನಾನು ಅಂಗೈ ಇಟ್ಟೆ. ಪ್ಲಗ್ಗಿನದಲ್ಲ. ಕಾರ್ಬೊರೇಟರ್ ಕೂರುವ ಜಾಗದ ಸುತ್ತ ಒಂದಿಷ್ಟು ಆಯಿಲ್ ಬಿಟ್ಟರು. ಎಲ್ಲಾದರೂ ಗಾಳಿ ಎಳೆಯುತ್ತಿದ್ದರೆ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಆಮೇಲೆ ಕಾರ್ಬೊರೇಟರನ್ನು ಬಿಚ್ಚಿ, ಮುಚ್ಚಳ ತೆಗೆದು, ಅದರ ಬಟ್ಟಲಲ್ಲಿ ನಿಂತಿದ್ದ ಪೆಟ್ರೋಲನ್ನು ಬಿಳಿಯ ಪಿಂಗಾಣಿ ಬಸಿಗೆ ಸುರಿದರು. ತಳದಲ್ಲಿ ಕೆಂಪು ಕೆಸರು, ಅದರ ಮೇಲೆ ಪಾದರಸದಂತೆ ಓಡಾಡುವ ನೀರಿನ ಹನಿಗಳು.

"ನೋಡ್ರಿ. ಮಳೆನೀರು ಕುಡಿದೈತೆ ನಿಮ್ಮ ಡ್ರಮ್ಮು."

ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಒಂದೊಂದೇ ಜೆಟ್ಟನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿದರು. ಸ್ಲೋ ಜೆಟ್ಟಿನ ತೂತು ಸೂಜಿಯ ಮೊನೆಗಿಂತ ಸಣ್ಣದು. ಅದಕ್ಕೆ ತಂತಿ ಹಾಕಿ ಚುಚ್ಚುವವರನ್ನು ಅಬ್ಬಾ ಕಟುಕರು ಎನ್ನುತ್ತಿದ್ದರು. ತಂತಿ ತೂತನ್ನು ದೊಡ್ಡದು ಮಾಡುತ್ತದೆ. ಬರೀ ಗಾಳಿ, ಬರೀ ಪೆಟ್ರೋಲು, ಮತ್ತೆ ಗಾಳಿ. ಕೊನೆಗೆ ಆ ತೂತಿನಲ್ಲಿ ಚುಕ್ಕಿಯಷ್ಟು ಬೆಳಕು ಕಂಡಾಗ ಅದನ್ನು ಗುತ್ಯಪ್ಪನಿಗೂ ತೋರಿಸಿದರು.

ಎಲ್ಲ ಜೋಡಿಸಿ ಎಂಜಿನ್ ಎಬ್ಬಿಸಿದ ಮೇಲೆ ಸ್ಕ್ರೂ ಹಿಡಿದು ನಿಂತರು. ನಾನು ಎರಡು ಬೆರಳು ಇಟ್ಟೆ. ಕಾಲು ಸುತ್ತು ತಿರುಗಿಸಿದರು. ಒಂದು ಬೆರಳು. ಸ್ವಲ್ಪ ಹಿಂದಕ್ಕೆ. ನಾನು ಅಂಗೈ ಇಟ್ಟೆ.

ಆ ಕ್ಷಣದ ಬಗ್ಗೆ ನಾನು ಆಮೇಲೆ ಎಷ್ಟು ಸಲ ಯೋಚಿಸಿದೆನೋ. ಪುಸ್ತಕದ ಒಳಗೆ ಅಂದಿನ ಪತ್ರಿಕೆಯ ತುಂಡೊಂದಿತ್ತು. ಶಿಕ್ಷಕರ ಹುದ್ದೆಗೆ ಅರ್ಜಿ ಕರೆದ ಜಾಹೀರಾತು. ನನ್ನ ಕಣ್ಣು ಅದರ ಮೇಲೂ ಇತ್ತು.

ಹೊರಡುವ ಮುಂಚೆ ಅಬ್ಬಾ ಗುತ್ಯಪ್ಪನಿಗೆ, "ಇನ್ನ ಮ್ಯಾಲೆ ಸೋಸಿ ಹಾಕ್ರಿ. ನೀರು ಒಂದು ಹನಿ ಹೋಗಬಾರ್ದು" ಎಂದರು.

"ಅವ್ವಂಗೆ ಹೇಳ್ತೀನಿ. ಅವ್ಳು ಸೋಸಿದ್ರೆ ನೀರೇನು, ನೀರಿನ ನೆಳ್ಳೂ ಹೋಗಲ್ಲ" ಎಂದು ನಕ್ಕು ಹೋದ. ಇದಾದ ಒಂಬತ್ತನೆಯ ದಿನ ಸತ್ತ.

ಕಂಡಕ್ಟರ್ ಆಡಿ ಹೋದ ಮಾತನ್ನು ನಾನು ಅಬ್ಬಾರ ಎದುರು ಕೂತು ಹೇಳಿದೆ. ನಮ್ಮ ಮನೆಯ ಮಾತು ಉರ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು, "ಆ ದಿನ ಸ್ಲೋ ಸರಿಯಾಗಿ ನಿಂತಿತ್ತಲ್ಲ, ಬೇಟಿ?" ಎಂದು ಕೇಳಿದರು.

"ನಿಂತಿತ್ತು" ಎಂದೆ.

"ಹಾಗಾದರೆ ಅವರು ಬರಲಿ."

ಅವರು ಬರುತ್ತಾರೆಂಬುದು ಖಚಿತವಿತ್ತು. ನಮ್ಮ ಕಡೆಯ ಪದ್ಧತಿ ಅದು. ಗಾಡಿ ಕೈಕೊಟ್ಟು ಏನಾದರೂ ಅನಾಹುತವಾದರೆ, ಅದನ್ನು ಕೊನೆಗೆ ಮುಟ್ಟಿದ ಮೆಕ್ಯಾನಿಕ್ಕನೇ ನಾಲ್ಕು ಜನರ ಮುಂದೆ ಬಿಚ್ಚಿ ತೋರಿಸಬೇಕು. ತಪ್ಪು ಅವನದಲ್ಲವೆಂದು ಕಂಡರೆ ಚಹಾ ಕುಡಿದು ಹೋಗುತ್ತಾರೆ. ಅವನದೆಂದು ಕಂಡರೆ ಜಗಳವಿಲ್ಲ, ದಂಡವಿಲ್ಲ. ಆಮೇಲೆ ಅವನ ಬಾಗಿಲಿಗೆ ಒಂದು ಗಾಡಿಯೂ ಬರುವುದಿಲ್ಲ, ಅಷ್ಟೆ. ಅಬ್ಬಾಗೆ ಐವತ್ತೆಂಟು. ಆ ಶೆಡ್ಡನ್ನು ಬಿಟ್ಟರೆ ನಮಗೆ ಬೇರೇನೂ ಇರಲಿಲ್ಲ.

ಕಾಯುತ್ತಿದ್ದ ಆ ದಿನಗಳಲ್ಲಿ ನಾನು ಹಾದುಹೋಗುವ ಪ್ರತಿಯೊಂದು ಎಂಜಿನ್ನಿಗೂ ಕಿವಿಗೊಟ್ಟೆ. ಬಸ್ಸು, ಲಾರಿ, ಡಾಕ್ಟರರ ಸ್ಕೂಟರು. ಸಮ ಯಾವುದು, ಕುಂಟುವುದು ಯಾವುದು ಎಂದು ಹೇಳಿಕೊಂಡು, ಹೇಳಿದ್ದನ್ನು ನಾನೇ ನಂಬದೆ, ಮತ್ತೆ ಕೇಳಿಸಿಕೊಳ್ಳುತ್ತಿದ್ದೆ. ಅಂದು ಅಂಗೈ ಇಟ್ಟಾಗ ಎಂಜಿನ್ನಿನಲ್ಲಿ ಸಣ್ಣ ತಡವರಿಕೆ ಇತ್ತೇ? ಇದ್ದರೆ, ಗುತ್ಯಪ್ಪನನ್ನು ಆ ಕಲ್ಲಿಗೆ ಒತ್ತಿದ್ದು ನನ್ನ ಕೈ.

ಪೊಲೀಸರು ಪಂಚನಾಮೆ ಮುಗಿಸಿ ಜೀಪು ಬಿಟ್ಟುಕೊಟ್ಟ ಮೇಲೆ, ತಿಥಿ ಕಳೆದು ನಾಲ್ಕು ದಿನಕ್ಕೆ, ಅವರು ಬಂದರು. ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿ ಜೀಪು ಎಳೆತಂದಿದ್ದರು. ಗುತ್ಯಪ್ಪನ ಅಣ್ಣ ರಂಗಪ್ಪ, ಊರಿನ ಹಿರಿಯ ಕರಿಯಣ್ಣ, ಮತ್ತೆ ತಾಯಿ ನಿಂಗಮ್ಮ. ಬೇಡವೆಂದರೂ ಆಕೆ ಹಟ ಹಿಡಿದು ಬಂದಿದ್ದಳಂತೆ. ಜೀಪಿನ ಮುಂದಿನ ಬಂಪರು ಒಂದು ಕಡೆ ಬಾಗಿತ್ತು. ಅದನ್ನು ಯಾರೋ ತೊಳೆದಿದ್ದರು. ಟ್ರ್ಯಾಕ್ಟರ್ ನಿಂತದ್ದೇ ಬಸ್ ಸ್ಟ್ಯಾಂಡಿನ ಕಡೆಯಿಂದ ಹತ್ತು ಹದಿನೈದು ಜನ ಬಂದು ಸುತ್ತ ನಿಂತರು. ನಾನು ಹೊಸ್ತಿಲ ಒಳಗೆ ಪುಸ್ತಕವಿಲ್ಲದೆ ಕೂತೆ.

ಅಬ್ಬಾ ಎಲ್ಲರಿಗೂ ಸಲಾಂ ಮಾಡಿ, ಕೈ ತೊಳೆದುಕೊಂಡು, ಬಾನೆಟ್ ಎತ್ತಿದರು. ಆಗ ನಿಂಗಮ್ಮ ಜನರನ್ನು ಸರಿಸಿಕೊಂಡು ಬಂದು ಅವರ ಎದುರೇ ನಿಂತಳು. ಅಳುತ್ತಿರಲಿಲ್ಲ. ಲೆಕ್ಕ ತಪ್ಪಿದ ಮಗುವಿನಂತೆ ಕೇಳಿದಳು:

"ಸಾಬಣ್ಣ, ಸೋಸು ಅಂತ ನೀನು ಹೇಳಿದ್ದೆ ಅಂದ. ದಿನಾ ಸೋಸೀನಿ. ಬಟ್ಟೆಯಾಗೆ ಆದ್ರೆ ನೀರು ಇಳಿದು ಹೋಗತೈತೆ ಅಂತ, ಹೊಸ ಕಂಬಳಿ ಮಡಚಿ ಅದ್ರಾಗೆ ಸೋಸೀನಿ. ಮಳೆಯಾಗೆ ಹೊತ್ಕೊಂಡ್ರೆ ಕಂಬಳಿಯಾಗೆ ಒಂದು ಹನಿ ಇಳೀತೈತಾ? ಇಳಿಯಲ್ಲ. ಇದ್ರಾಗೂ ನೀರು ಇಳಿದಿಲ್ಲ. ಮತ್ಯಾಕೆ ನಿಂತ್ಕೊಂತು ಅದು?"

ಅಬ್ಬಾ ಆಕೆಯ ತುಟಿಯನ್ನೇ ನೋಡುತ್ತಿದ್ದರು. ಸ್ಪ್ಯಾನರ್ ಹಿಡಿದ ಕೈ ನಿಂತಿತು.

"ನೀನು ಸುಮ್ಕಿರು ನಿಂಗಮ್ಮಕ್ಕ. ಬಿಚ್ಚಲಿ ಅವ್ರು" ಎಂದ ಕರಿಯಣ್ಣ.

ರಂಗಪ್ಪ ಜೀಪಿನ ಒಳಗೆ ಕೈ ಹಾಕಿ ಡ್ಯಾಶಿನ ಮೇಲಿನ ಗುಂಡಿಯೊಂದನ್ನು ತೋರಿಸಿದ. ಅದನ್ನು ಎಳೆದಿಟ್ಟರೆ ಕಾಲು ಒತ್ತದೆಯೂ ಎಂಜಿನ್ ಜೋರಾಗಿ ಓಡುತ್ತದೆ. "ಇದು ಪೂರಾ ಎಳೆದಿತ್ತು. ಪೊಲೀಸ್ರೂ ಬರ್ಕೊಂಡಾರೆ. ಸ್ಲೋ ನೆಟ್ಟಗಿದ್ದಿದ್ರೆ ನನ್ನ ತಮ್ಮ ಇದನ್ನ ಯಾಕೆ ಎಳೀತಿದ್ದ? ಹೇಳ್ರಿ."

ಅವನು ಅಬ್ಬಾರ ಬೆನ್ನ ಹಿಂದಿದ್ದ. ಅಬ್ಬಾ ಕಾರ್ಬೊರೇಟರಿನ ನಟ್ಟು ಸಡಿಲಿಸುತ್ತಲೇ ಇದ್ದರು.

"ಏನ್ರೀ, ನಿಮ್ಮನ್ನೇ ಕೇಳಿದ್ದು."

ಎದ್ದು ಹೋಗಿ ಅವರ ತೋಳು ಮುಟ್ಟಬೇಕೆಂದುಕೊಂಡೆ. ಅಷ್ಟರಲ್ಲಿ ಕರಿಯಣ್ಣ ಅಬ್ಬಾರ ತಲೆಯ ಹಿಂದೆ ಎರಡು ಕೈ ಎತ್ತಿ ಜೋರಾಗಿ ಒಂದು ಚಪ್ಪಾಳೆ ತಟ್ಟಿದ. ಶೆಡ್ಡಿನ ಮಾಡಿನ ಮೇಲಿದ್ದ ಕಾಗೆ ಹಾರಿತು. ಅಬ್ಬಾ ತಿರುಗಲಿಲ್ಲ.

"ಹಾಂ, ಇದಾ ವಿಷಯ" ಎಂದ ಕರಿಯಣ್ಣ, ಜನರ ಕಡೆ ತಿರುಗಿ. "ಕಿವಿನೇ ಇಲ್ಲ ಇವ್ರಿಗೆ."

ಗುಂಪಿನಲ್ಲಿ ಒಬ್ಬ ನಕ್ಕ. ಇನ್ನೊಬ್ಬ, "ನನ್ನ ಗಾಡಿ ಮೊನ್ನೆ ಇವ್ರೇ ಮಾಡಿದ್ದು ಮಾರಾಯ" ಎಂದು ಪಕ್ಕದವನಿಗೆ ಹೇಳಿದ. ಯಾರೋ ಅಬ್ಬಾರ ಭುಜ ತಟ್ಟಿ ತಿರುಗಿಸಿ, ಮುಖಕ್ಕೆ ಮುಖ ಕೊಟ್ಟು, "ಕೇಳಿಸ್ತೈತೇನ್ರೀ?" ಎಂದು ಕಿರುಚಿದ. ಅಬ್ಬಾ ಅವನ ತುಟಿ ನೋಡಿ, "ಇಲ್ಲ" ಎಂದರು. ಎರಡು ವರ್ಷ ನಾವಿಬ್ಬರು ಕಾಪಾಡಿಕೊಂಡು ಬಂದದ್ದು ಆ ಒಂದು ಮಾತಿಗೆ ಮುಗಿಯಿತು.

ಆದರೂ ಬಿಚ್ಚುವುದು ಬಾಕಿ ಇತ್ತು. ಅಬ್ಬಾ ಕಾರ್ಬೊರೇಟರನ್ನು ಬೆಂಚಿನ ಮೇಲಿಟ್ಟು, ಬಟ್ಟಲಿನ ಪೆಟ್ರೋಲನ್ನು ಬಸಿಗೆ ಸುರಿದರು. ನಾನು ಕೂತಲ್ಲಿಂದಲೇ ಕತ್ತು ಚಾಚಿ ನೋಡಿದೆ. ನೀರಿರಲಿಲ್ಲ. ಕೆಂಪು ಕೆಸರೂ ಇರಲಿಲ್ಲ. ಪೆಟ್ರೋಲಿನ ಮೇಲೆ ಕಪ್ಪಗೆ, ಕೂದಲಿನಂತೆ ನವಿರಾದದ್ದೇನೋ ತೇಲುತ್ತಿತ್ತು. ಅಬ್ಬಾ ಸ್ಲೋ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಆಮೇಲೆ ಅದರ ಬಾಯಿಯಿಂದ ಉಗುರಿನಲ್ಲಿ ಒಂದು ಎಳೆ ಎಳೆದು, ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಹೊಸೆದರು.

ಉಣ್ಣೆ. ಕರೀ ಕುರಿಯ ಉಣ್ಣೆ. ಹೊಸ ಕಂಬಳಿ ಒಗೆಯುವ ಮುಂಚೆ ಎಷ್ಟು ನವಿರು ಬಿಡುತ್ತದೆ ಎಂಬುದು ಮೈಮೇಲೆ ಹೊದ್ದವರಿಗೆಲ್ಲ ಗೊತ್ತು. ಆಕೆ ಸೋಸಿದಷ್ಟು ಸಲವೂ ಪೆಟ್ರೋಲಿನ ಜೊತೆ ಅದು ಇಳಿದಿದೆ. ಸೂಜಿಮೊನೆಗಿಂತ ಸಣ್ಣ ತೂತಿಗೆ ಅಷ್ಟು ಸಾಕು.

ಆ ಕ್ಷಣ ನನಗಾದದ್ದನ್ನು ಮರೆಮಾಚದೆ ಹೇಳುತ್ತೇನೆ. ಸತ್ತವನ ನೆನಪಾಗಲಿಲ್ಲ. ನನ್ನ ಕಿವಿ ತಪ್ಪಿರಲಿಲ್ಲ, ನನ್ನ ಅಂಗೈ ತಪ್ಪಿರಲಿಲ್ಲ ಎಂಬ ಸಮಾಧಾನ ಮೈತುಂಬ ಹರಿಯಿತು. ಇನ್ನೇನು ಅಬ್ಬಾ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಾರೆ.

"ಏನದು?" ಎಂದು ರಂಗಪ್ಪ ಮುಂದೆ ಬಂದ.

ಅಬ್ಬಾ ತಲೆ ಎತ್ತಿದರು. ರಂಗಪ್ಪನ ಹಿಂದೆ ನಿಂಗಮ್ಮ ಸೆರಗು ಬಿಗಿಹಿಡಿದು ನಿಂತಿದ್ದಳು. ಅಬ್ಬಾ ಬೆರಳುಗಳನ್ನು ಒಳಗೆ ಮಡಚಿ, ಇನ್ನೊಂದು ಕೈಯಿಂದ ಬಸಿಯನ್ನು ಎತ್ತಿ ಪಕ್ಕದ ಮರದಪುಡಿಯ ಡಬ್ಬಿಗೆ ಸುರಿದರು.

"ಕಸ" ಎಂದರು. "ಹಳೇ ಕಸ. ನಾನು ಪೂರಾ ತೊಳೆದಿರಲಿಲ್ಲ."

ನಾನು ಎದ್ದು ನಿಂತೆ. ಅಬ್ಬಾ ನನ್ನ ಕಡೆ ನೋಡಿದರು. ಎಂಜಿನ್ ಓಡುವಾಗ ನೋಡುತ್ತಿದ್ದ ನೋಟವಲ್ಲ ಅದು; ಅದರಲ್ಲಿ ಪ್ರಶ್ನೆ ಇರಲಿಲ್ಲ. ನಾನು ಕೂತೆ.

ರಂಗಪ್ಪ ಕೈ ಎತ್ತುತ್ತಾನೆಂದು ಹೆದರಿದ್ದೆ. ಎತ್ತಲಿಲ್ಲ. ಜೆಟ್ಟು ನಟ್ಟುಗಳನ್ನೆಲ್ಲ ತನ್ನ ಟವೆಲ್ಲಿಗೆ ಬಳಿದುಕೊಂಡು ಗಂಟು ಕಟ್ಟಿದ. "ಸೊರಬದಾಗೆ ಹಾಕಿಸ್ಕೊಂತೀವಿ. ನೀವು ಮಾತ್ರ ನಮ್ಮ ಊರಿನ ಕಡೆ ಕಾಲಿಡಬ್ಯಾಡ್ರಿ" ಎಂದ. ಕರಿಯಣ್ಣ ಹೋಗುತ್ತಾ, ಕೋಪವಿಲ್ಲದೆ, ಹೊಲದ ವಿಷಯ ಹೇಳುವವನಂತೆ ಹೇಳಿದ: "ಕಿವಿ ಇಲ್ದೋನು ಎಂಜಿನ್ ಮುಟ್ಟಬಾರ್ದಿತ್ತು ಸಾಬ್ರೇ. ನಿಮಗೇ ಗೊತ್ತಾಗಬೇಕಿತ್ತು."

ಅವರು ಹೋದ ಮೇಲೆ ನಾನು ಅಬ್ಬಾರ ಎದುರು ನಿಂತು, ಒಂದೊಂದೇ ಪದವನ್ನು ಬಿಡಿಸಿ, "ಯಾಕೆ?" ಎಂದು ಕೇಳಿದೆ. "ಅದು ಉಣ್ಣೆ. ನಾನೂ ನೋಡಿದೆ. ಯಾಕೆ ಹೇಳಲಿಲ್ಲ?"

"ಸೋಸಿ ಹಾಕಿ ಎಂದವನು ನಾನು. ಯಾವುದರಲ್ಲಿ ಎಂದು ಹೇಳಲಿಲ್ಲ."

"ಅದು ತಪ್ಪಾ?"

"ಹೇಳಿದ್ದರೆ ಏನಾಗುತ್ತಿತ್ತು ಯೋಚಿಸು. ಅವಳು ಟ್ರ್ಯಾಕ್ಟರ್ ಹತ್ತಿ ಮನೆಗೆ ಹೋಗಬೇಕಿತ್ತು, ಆ ಮಗನ ಪಕ್ಕದಲ್ಲಿ ಕೂತು. ಆಮೇಲೆ ಆ ಮನೆಯಲ್ಲೇ ಇರಬೇಕಿತ್ತು." ಅವರು ಬೆಂಚು ಒರೆಸಿದರು. "ಕಿವಿಯಂತೂ ಹೋಗಿತ್ತು. ಇವತ್ತಲ್ಲ ನಾಳೆ ಗೊತ್ತಾಗುತ್ತಿತ್ತು."

ನನಗೆ ಅವರ ಮೇಲೆ ಸಿಟ್ಟು ಬಂತು. ಅದು ದೊಡ್ಡತನ ಎಂದು ನನಗೆ ಅನಿಸಲಿಲ್ಲ. ನಮ್ಮಿಬ್ಬರ ಅನ್ನವನ್ನು ನನ್ನನ್ನು ಕೇಳದೆ ಕೊಟ್ಟುಬಿಟ್ಟರು ಎನಿಸಿತು.

ಗಾಡಿಗಳು ನಿಂತವು. ಬಸ್ ಸ್ಟ್ಯಾಂಡಿನ ಹತ್ತಿರ ಅಲ್ಲಾವುದ್ದೀನ್ ಹೊಸ ಗ್ಯಾರೇಜು ಹಾಕಿದ್ದ. ಅಬ್ಬಾರ ಕೈಯಲ್ಲೇ ಕಲಿತವನು. ನಮ್ಮ ಗಿರಾಕಿಗಳು ನಮ್ಮ ಮನೆಯ ಮುಂದೆಯೇ ಹಾದು ಅವನಲ್ಲಿಗೆ ಹೋಗುತ್ತಿದ್ದರು, ಹಾದುಹೋಗುವಾಗ ಹಾರ್ನ್ ಒತ್ತಿ, ಶೆಡ್ಡಿನಲ್ಲಿ ಕೂತವರು ತಿರುಗುತ್ತಾರೋ ಇಲ್ಲವೋ ನೋಡುವುದು ಕೆಲವರಿಗೆ ಆಟವಾಗಿತ್ತು. ಅಬ್ಬಾ ಸೀಮೆಎಣ್ಣೆ ಸ್ಟೌ ರಿಪೇರಿಗೆ ಕೂತರು. ಸ್ಟೌ ಕಣ್ಣಿಗೆ ಕಾಣುವ ಕೆಲಸ. ಉರಿ ನೀಲಿಯಾದರೆ ಸರಿ, ಹಳದಿಯಾದರೆ ಇಲ್ಲ. ಕಿವಿ ಬೇಡ.

ಡಿಸೆಂಬರಿನ ಕೊನೆಯಲ್ಲಿ ಅದೇ ಕಂಡಕ್ಟರ್ ಇನ್ನೊಂದು ಸುದ್ದಿ ಹೇಳಿದ. ಜೀಪು ಮತ್ತೆ ರಸ್ತೆಗೆ ಬಂದಿದೆ. ರಂಗಪ್ಪನೇ ಓಡಿಸುತ್ತಿದ್ದಾನೆ. ಮೊನ್ನೆ ಗುಡವಿಯ ಕಡೆ ಬಾಡಿಗೆಗೆ ಹೋಗಿದ್ದ.

ಅಬ್ಬಾ ಅಂದು ಊಟ ಮಾಡಲಿಲ್ಲ. ಅವರಿಗೆ ಹೊಳೆದದ್ದು ನನಗೂ ಹೊಳೆದಿತ್ತು. ಯಾರೂ ಬೇಡವೆಂದು ಹೇಳಿಲ್ಲ. ನಿಂಗಮ್ಮ ಈಗಲೂ ಕಂಬಳಿಯಲ್ಲೇ ಸೋಸುತ್ತಿರುತ್ತಾಳೆ, ಉಳಿದೊಬ್ಬ ಮಗನಿಗಾಗಿ, ಮೊದಲಿಗಿಂತ ಹೆಚ್ಚು ಜತನದಿಂದ.

ಮರುದಿನ ಅವರು ತಗಡಿನ ಲಾಳಿಕೆಯೊಂದರ ಕುತ್ತಿಗೆಗೆ ಹಿತ್ತಾಳೆಯ ಸಣ್ಣ ಜಾಲರಿ ಬೆಸೆದು ನನ್ನ ಕೈಗಿಟ್ಟರು. "ನಾನು ಹೋಗುವ ಹಾಗಿಲ್ಲ. ನೀನು ಕೊಟ್ಟು ಬಾ. ಇದರಲ್ಲೇ ಸೋಸಲಿ, ತಳದ ನೀರು ಬರದಂತೆ ಮೇಲಿನದು ಮಾತ್ರ ತೆಗೆಯಲಿ. ಕಾರಣ ಹೇಳಬೇಡ."

"ಕೇಳಿದರೆ?"

"ನೀನು ಓದಿದವಳು. ಏನಾದರೂ ಹೇಳು."

ಎರಡು ಬಸ್ಸು ಬದಲಿಸಿ ಹೊಸಬಾಳೆಗೆ ಹೋದೆ. ಬುರ್ಖಾದೊಳಗೆ ಲಾಳಿಕೆಯನ್ನು ಎದೆಗೊತ್ತಿಕೊಂಡು ದಾರಿಯುದ್ದಕ್ಕೂ ಒಂದು ವಾಕ್ಯ ಕಟ್ಟಿದೆ. 'ಪೆಟ್ರೋಲ್ ಬಿದ್ದರೆ ಕಂಬಳಿ ಹಾಳಾಗುತ್ತದಂತೆ, ಅದಕ್ಕೇ ಅಬ್ಬಾ ಇದನ್ನು ಕೊಟ್ಟಿದ್ದಾರೆ.' ಅದರಲ್ಲಿ ಸುಳ್ಳು ಇರಲಿಲ್ಲ. ಹಾಗೆಂದು ಸಮಾಧಾನ ಮಾಡಿಕೊಂಡೆ. ಆದರೆ ಅದರ ಕೆಳಗೆ ಇನ್ನೊಂದು ವಾಕ್ಯವೂ ತಯಾರಾಗಿತ್ತು, ಅದನ್ನು ಅಬ್ಬಾಗೆ ಹೇಳಿರಲಿಲ್ಲ. ಅವಕಾಶ ಸಿಕ್ಕರೆ ನಿಜ ಹೇಳಿಬಿಡುವುದು. ಜೀಪು ಅಂಗಳದಲ್ಲಿಲ್ಲ ಎಂದು ಕಂಡಾಗ ನನಗೆ ಧೈರ್ಯ ಬಂತು.

ನಿಂಗಮ್ಮ ಕುರಿದೊಡ್ಡಿಯ ಪಕ್ಕ, ಬಿಸಿಲಿನಲ್ಲಿ ಒಬ್ಬಳೇ ಕೂತಿದ್ದಳು. ನನ್ನನ್ನು ಗುರುತಿಸಿದಳು. "ಬಾ ಮಗಾ" ಎಂದು ಕಲ್ಲು ತೋರಿಸಿದಳು. ನಾನು ಲಾಳಿಕೆ ಕೊಟ್ಟು, ಕಟ್ಟಿಕೊಂಡು ಬಂದ ವಾಕ್ಯ ಹೇಳಿದೆ.

ಆಕೆ ಜಾಲರಿಯನ್ನು ಬೆರಳಿನಿಂದ ಸವರಿದಳು.

"ಆ ಕಂಬಳಿ ಸುಟ್ಟುಹಾಕ್ದೆ ಕಣವ್ವ. ಅವತ್ತು ನಿಮ್ಮಲ್ಲಿಂದ ಬಂದ ಮರುದಿನಾನೇ. ಪೆಟ್ರೋಲ್ ಕುಡಿದಿತ್ತಲ್ಲ, ಒಂದೇ ಸಲಕ್ಕೆ ಹೊತ್ಕೊಂತು."

ಆಕೆ ಲಾಳಿಕೆಯನ್ನು ಪಕ್ಕಕ್ಕಿಟ್ಟಳು.

"ನಿಮ್ಮಪ್ಪ ಕಸ ಅಂದ್ರು. ಬೆರಳಾಗೆ ಇಟ್ಟು ಹೊಸೆದದ್ದು ನಾನು ನೋಡ್ದೆ. ಹೊಸೆದ್ರೆ ಎಳೆಯಾತು. ಕಸ ಹೊಸೆದ್ರೆ ಎಳೆ ಆಗತೈತಾ? ಅರವತ್ತು ವರ್ಷದಿಂದ ನೂಲ್ತಾ ಇದೀನಿ, ನಂಗೆ ಉಣ್ಣೆ ಗೊತ್ತಾಗಲ್ವಾ."

"ಗೊತ್ತಿದ್ದೂ ಸುಮ್ಮನೆ ಬಂದ್ರಾ?" ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು. "ನಮ್ಮ ಅಬ್ಬಾಗೆ ಈಗ ಕೆಲಸ ಇಲ್ಲ. ಕಿವುಡ ಸಾಬ್ರು ಒಂದು ಜೀವ ತೆಗೆದ್ರು ಅಂತಾರೆ ಊರಲ್ಲಿ. ಒಬ್ಬರ ಹತ್ತಿರವಾದರೂ ಹೇಳಿ ಅವ್ವಾ. ಕರಿಯಣ್ಣನವರ ಹತ್ತಿರ ಹೇಳಿ."

ಒಳಗೆ ಮಗುವೊಂದು ಅತ್ತಿತು.

"ನಂಗೆ ಹೇಳಾಕೆ ಬಾಯಿ ಬರಲ್ಲ. ಎಷ್ಟು ಸಲ ಎದ್ದು ನಿಂತೀನಿ. ನೀನೇ ಹೇಳು. ಇಲ್ಲೇ ಅದಾಳೆ ಅವ್ನ ಹೇಣ್ತಿ, ಕರೀತೀನಿ." ನಾನು ತಡೆಯುವ ಮೊದಲೇ ಒಳಗೆ ಕೂಗಿದಳು: "ಏ ನೀಲಾಂಬಿಕಾ, ಬಾ ಇಲ್ಲಿ. ಶಿಕಾರಿಪುರದ ಸಾಬ್ರ ಮಗಳು ಬಂದಾಳೆ. ಏನೋ ಹೇಳ್ತಾಳಂತೆ."

ಗುತ್ಯಪ್ಪನ ಹೆಂಡತಿ ಹೊರಗೆ ಬಂದಳು. ನನ್ನ ವಯಸ್ಸು, ಅಥವಾ ಒಂದೆರಡು ವರ್ಷ ಚಿಕ್ಕವಳು. ಕಂಕುಳಲ್ಲಿ ಎಂಟು ಹತ್ತು ತಿಂಗಳ ಕೂಸು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಂತ ಹೇಳಾಕೆ ಬಂದೀಯ? ನಿಮ್ಮಪ್ಪನ ಕಿವಿ ಈಗ ಸರಿ ಆತಾ?"

ನಾನು ಕೂತಿದ್ದ ಕಲ್ಲಿನಿಂದ ಎದ್ದೆ.

"ಕೇಳಿಸ್ದೆ ಇದ್ರೆ ಕೇಳಿಸಲ್ಲ ಅಂತ ಹೇಳಬೇಕಿತ್ತು. ನಾವು ಬ್ಯಾರೆ ಕಡೆ ಹೋಗ್ತಿದ್ವಿ. ದುಡ್ಡಿನ ಆಸೆಗೆ ಬಾಯಿ ಮುಚ್ಕೊಂಡಿದ್ರಿ ಅಪ್ಪ ಮಗಳು. ಈ ಕೂಸು ಅಪ್ಪ ಅಂತ ಯಾರನ್ನ ಕರೀಬೇಕು, ಹೇಳು. ಓದಿದೀಯಂತಲ್ಲ."

ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ನಾವು ಬಾಯಿ ಮುಚ್ಚಿಕೊಂಡಿದ್ದೆವು. ಉಳಿದರ್ಧಕ್ಕೆ ಉತ್ತರ ನನ್ನ ನಾಲಿಗೆಯ ಮೇಲಿತ್ತು, ನಾಲ್ಕೇ ಪದ. ನಾನು ನಿಂಗಮ್ಮನ ಕಡೆ ನೋಡಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ. ಹೇಳುವುದಾದರೆ ಹೇಳಲಿ ಎಂಬಂತೆ ಕೈ ಎರಡನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಆ ಕೈಗಳನ್ನು ಕಂಡು ಕೂಸು ತಾಯಿಯ ಕಂಕುಳಿಂದ ಬಾಗಿತು. ನೀಲಾಂಬಿಕ ನನ್ನ ಮೇಲಿನ ಕಣ್ಣು ತೆಗೆಯದೆಯೇ, ದಿನವೂ ಮಾಡುವ ಹಾಗೆ, ಅದನ್ನು ಅತ್ತೆಯ ಮಡಿಲಿಗೆ ಬಿಟ್ಟಳು.

ನಾನು ಹೇಳಲಿಲ್ಲ. ಕನಿಕರದಿಂದ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ನನಗೆ ಹೆದರಿಕೆಯಾಯಿತು, ಅಷ್ಟೆ. ಆ ನಾಲ್ಕು ಪದ ಆಡಿದ ಮೇಲೆ ಆ ಅಂಗಳದಲ್ಲಿ ಏನಾಗುತ್ತದೆ ಎಂಬುದನ್ನು ನಿಂತು ನೋಡುವ ಶಕ್ತಿ ನನ್ನಲ್ಲಿರಲಿಲ್ಲ.

"ಇದನ್ನು ಕೊಡಲಿಕ್ಕೆ ಬಂದಿದ್ದೆ. ಪೆಟ್ರೋಲ್ ಸೋಸಲಿಕ್ಕೆ" ಎಂದೆ.

ನೀಲಾಂಬಿಕ ಲಾಳಿಕೆಯನ್ನು ಎತ್ತಿ ದೊಡ್ಡಿಯ ಕಡೆ ಎಸೆದಳು. ಕುರಿಗಳು ಬೆದರಿ ಒಂದು ಮೂಲೆಗೆ ಸರಿದವು. ಅವಳು ಒಳಗೆ ಹೋದಳು. ನಿಂಗಮ್ಮ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದು, ಗೊಬ್ಬರದಲ್ಲಿ ಬಿದ್ದಿದ್ದ ಲಾಳಿಕೆಯನ್ನು ತಂದು, ಸೆರಗಿನಲ್ಲಿ ಒರೆಸಿ ಜಗಲಿಯ ಮೇಲಿಟ್ಟಳು.

"ರಂಗಂಗೆ ಇದ್ರಾಗೇ ಸೋಸಿ ಕೊಡ್ತೀನಿ" ಎಂದಳು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ನಂಗೆ ಗೊತ್ತೈತೆ ಅಂತ ನಿಮ್ಮಪ್ಪಂಗೆ ಗೊತ್ತಾ?"

"ಇಲ್ಲ."

ನಾನು ಬಸ್ಸಿಗೆ ನಡೆದೆ.

ಮನೆ ತಲುಪಿದಾಗ ಅಬ್ಬಾ ಶೆಡ್ಡಿನಲ್ಲಿ ಯಾರದೋ ಸ್ಟೌ ಬಿಚ್ಚಿಕೊಂಡು ಕೂತಿದ್ದರು. ನನ್ನ ಮುಖ ಕಾಣುವಂತೆ ತಿರುಗಿ ಕೂತು, "ತೆಗೆದುಕೊಂಡಳಾ?" ಎಂದರು.

"ತೆಗೆದುಕೊಂಡರು."

"ಯಾಕೆ ಎಂದು ಕೇಳಿದಳಾ?"

"ಕಂಬಳಿ ಹಾಳಾಗುತ್ತದೆ ಎಂದೆ."

"ನಂಬಿದಳಾ?"

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಕಿವಿ ಇದ್ದಿದ್ದರೆ ದನಿಯಲ್ಲಿ ಗೊತ್ತಾಗುತ್ತಿತ್ತೇನೋ.

"ನಂಬಿದರು" ಎಂದೆ.

ಅಬ್ಬಾರ ಭುಜಗಳು ಇಳಿದವು. ತಿಂಗಳಿಂದ ಅವರು ಅಷ್ಟು ಸಲೀಸಾಗಿ ಉಸಿರು ಬಿಟ್ಟದ್ದನ್ನು ನಾನು ನೋಡಿರಲಿಲ್ಲ. "ಹಾಗಾದರೆ ಸರಿ ಬೇಟಿ. ಮಾಡಿದ್ದು ದಂಡವಾಗಲಿಲ್ಲ" ಎಂದು ಮತ್ತೆ ಸ್ಟೌವಿಗೆ ಬಾಗಿದರು.

ಮರುದಿನ ಬೆಳಿಗ್ಗೆ ಏಣಿ ಇಟ್ಟು ಗ್ಯಾರೇಜಿನ ಬೋರ್ಡನ್ನು ಅವರೇ ಕೆಳಗಿಳಿಸಿದರು. ನಾನು ಏಣಿ ಹಿಡಿದುಕೊಂಡಿದ್ದೆ. ಒಳ್ಳೆಯ ತಗಡು, ಹಾಳು ಮಾಡುವುದೇಕೆ ಎಂದು, ಸ್ಟೌ ಹಚ್ಚಿ ನೋಡುವ ಕಡೆ ಗಾಳಿಗೆ ಅಡ್ಡವಾಗಿ ನಿಲ್ಲಿಸಿದರು.